ಲೈಟರ್ ಕಲ್ಲಿನೊಳಗಿನ ಸೀರಿಯಂ

ಪ್ರಶ್ನೆ: ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸ್ ಹೊತ್ತಿಸಲು ಕಿಡಿ ಹಾರಿಸುವ ಒಂದು ಲೈಟರ್ ಇರುತ್ತದಲ್ಲ, ಅದರ ಪುಟ್ಟ ಕಲ್ಲಿನಲ್ಲಿ ವಿರಳ ಭೂ ಲೋಹ ಇದೆ ಅಂತ ನನ್ನ ಮಗ ಹೇಳುತ್ತಾನೆ. ವಿರಳ ಅಂದಮೇಲೆ ಇಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ? ಮಕ್ಕಳು ಮುಟ್ಟಿದರೆ ಅಪಾಯವಾ?

ಉತ್ತರ: ಮಗ ಹೇಳಿದ್ದು ಸರಿ. ಕಲ್ಲು ಅಂತ ಕರೆದರೂ ಅದು ಲೋಹವೇ. ಅದರಲ್ಲಿ ಮುಖ್ಯವಾಗಿ ಇರುವುದು ಸೀರಿಯಂ, ಜೊತೆಗೆ ಲ್ಯಾಂಥನಂ, ನಿಯೋಡಿಮಿಯಂ ಥರದ ಅದರ ಅಣ್ಣತಮ್ಮಂದಿರು, ಗಟ್ಟಿಯಾಗಲಿ ಅಂತ ಒಂದಷ್ಟು ಕಬ್ಬಿಣ. ಬರೀ ಸೀರಿಯಂ ಎಷ್ಟು ಮೆತ್ತಗೆ ಅಂದರೆ ಚಾಕುವಿನಿಂದ ಕೊಯ್ಯಬಹುದು. ಒರಟು ಉಕ್ಕಿಗೆ ಉಜ್ಜಿದಾಗ ಕಲ್ಲಿನಿಂದ ಸಣ್ಣ ಸಣ್ಣ ಚೂರು ಕಿತ್ತು ಬರುತ್ತವೆ, ಉಜ್ಜಿದ ಬಿಸಿಗೇ ಗಾಳಿಯಲ್ಲಿ ಹೊತ್ತಿಕೊಳ್ಳುತ್ತವೆ. ನೀವು ನೋಡುವ ಒಂದೊಂದು ಕಿಡಿಯೂ ಉರಿಯುತ್ತಿರುವ ಲೋಹದ ಚೂರು. (ಅಡುಗೆಮನೆಯಲ್ಲಿ ಟಕ್ ಟಕ್ ಅನ್ನುವ ಲೈಟರ್ ಬೇರೆ, ಅದರಲ್ಲಿ ಹಾರುವುದು ವಿದ್ಯುತ್ ಕಿಡಿ.)

ಇನ್ನು 'ವಿರಳ' ಅನ್ನುವ ಮಾತು. ಆ ಹೆಸರು ನಂಬಬೇಡಿ. ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. 1803ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಮತ್ತು ಹಿಸಿಂಗರ್, ಅದೇ ವರ್ಷ ಜರ್ಮನಿಯಲ್ಲಿ ಕ್ಲಾಪ್ರೋತ್, ಇದನ್ನು ಗುರುತಿಸಿದರು. ಆಗ ಹೊಸದಾಗಿ ಕಂಡಿದ್ದ ಸೀರೀಸ್ ಎಂಬ ಆಕಾಶಕಾಯದ ಹೆಸರನ್ನೇ ಇಟ್ಟರು. ಕಷ್ಟ ಇರುವುದು ಬೇರ್ಪಡಿಸುವುದರಲ್ಲಿ: ಈ ಲೋಹಗಳೆಲ್ಲ ಒಂದೇ ಅದಿರಿನಲ್ಲಿ, ಒಂದೇ ಗುಣದವಾಗಿ ಬೆರೆತು ಕೂತಿರುತ್ತವೆ. ಲೈಟರ್ ಕಲ್ಲಿಗೆ ಬೇರ್ಪಡಿಸುವ ಗೋಜೇ ಇಲ್ಲ, ಮಿಶ್ರಣವನ್ನೇ ಹಾಕಿದರೆ ಸಾಕು. ಅದಕ್ಕೇ ಅಗ್ಗ.

ಈ ಕಲ್ಲು ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಯಕ್ಷಗಾನ ನೋಡಿದವರಿಗೆ ಮ್ಯಾಂಟಲ್ ಗೊತ್ತಿರುತ್ತದೆ. ಕಟ್ಟುವಾಗ ಮೆತ್ತನೆ ಬಟ್ಟೆ ಚೀಲ, ಒಮ್ಮೆ ಉರಿದ ಮೇಲೆ ಬಿಳಿ ಬಲೆ, ಬೆರಳು ತಾಗಿದರೆ ಪುಡಿಪುಡಿ. ಅದನ್ನು ಕಂಡುಹಿಡಿದವರು ಆಸ್ಟ್ರಿಯಾದ ಕಾರ್ಲ್ ಆವರ್ ಫೊನ್ ವೆಲ್ಸ್‌ಬಾಖ್. ಅವರ ಮ್ಯಾಂಟಲ್‌ನಲ್ಲಿ ಥೋರಿಯಂ ಆಕ್ಸೈಡ್ 99 ಪಾಲು, ಸೀರಿಯಂ ಆಕ್ಸೈಡ್ ಬರೀ 1 ಪಾಲು, ಆದರೆ ಆ ಒಂದು ಪಾಲು ಇಲ್ಲದಿದ್ದರೆ ಬೆಳಕು ಮಂಕು. ಥೋರಿಯಂ ತೆಗೆದ ಮೇಲೆ ಮೊನಜೈಟ್ ಅದಿರಿನಲ್ಲಿ ಸೀರಿಯಂ ರಾಶಿ ರಾಶಿ ಉಳಿಯುತ್ತಿತ್ತು. ಅದನ್ನು ಏನು ಮಾಡೋಣ ಅಂತ ಯೋಚಿಸಿಯೇ 1903ರಲ್ಲಿ ಕಬ್ಬಿಣ ಸೇರಿಸಿ ಈ ಕಿಡಿಕಲ್ಲು ಮಾಡಿದರು. 1909ರಲ್ಲಿ ಇದೇ ಮೊನಜೈಟ್ ಮರಳು ತಿರುವಾಂಕೂರಿನ ಮಣವಾಲಕುರಿಚ್ಚಿ ಕಡಲ ತೀರದಲ್ಲೂ ಸಿಕ್ಕಿತು.

ಈಗ ಸೀರಿಯಂ ಆಕ್ಸೈಡ್ ಪುಡಿಯಿಂದ ಕನ್ನಡಿ, ಲೆನ್ಸ್‌ಗಳಿಗೆ ಪಾಲಿಶ್ ಮಾಡುತ್ತಾರೆ. ಕಾರಿನ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲೂ ಅದಿದೆ. ಆಮ್ಲಜನಕ ಹೆಚ್ಚಿದ್ದಾಗ ಹಿಡಿದಿಟ್ಟುಕೊಂಡು, ಕಡಿಮೆಯಾದಾಗ ಬಿಟ್ಟುಕೊಡುವುದು ಅದರ ಕೆಲಸ.

ಮುಟ್ಟಿದರೆ ಏನೂ ಆಗಲ್ಲ. ಆದರೆ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಸುಮ್ನೆ ಅರದಿಂದ ಉಜ್ಜಿ ಪುಡಿ ಮಾಡಲೂ ಬಿಡಬೇಡಿ. ಆ ಪುಡಿ ಬೇಗ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ನೀರು ಸುರಿಯಬೇಡಿ, ಹೈಡ್ರೋಜನ್ ಹುಟ್ಟಿ ಬೆಂಕಿ ಜಾಸ್ತಿಯಾಗುತ್ತದೆ. ಒಣ ಮರಳು ಹಾಕಿ.