ಓರೆಯಾಗುವ ಚಿತ್ರ, ಕಾಣೆಯಾದ ಕೆಂಪು: ಮಾನಿಟರ್ ಬದಲಿಸುವ ಮುನ್ನ
ನಿಮ್ಮ ಜಮ್ಮಾ (ಆರ್ಕೇಡ್ ಆಟದ ಬೋರ್ಡನ್ನು ಕ್ಯಾಬಿನೆಟ್‌ಗೆ ಜೋಡಿಸುವ ಸಾಮಾನ್ಯ ಮಾನದಂಡ) ವೈರಿಂಗ್‌ನ ಹಳೆಯ ಆರ್ಕೇಡ್ ಕ್ಯಾಬಿನೆಟ್‌ನಲ್ಲಿ ಚಿತ್ರ ಓರೆಯಾಗಿ ಹರಿದಂತೆ ಕಾಣುತ್ತದೆ, ಕೆಂಪು ಬಣ್ಣ ಬರುತ್ತಲೇ ಇಲ್ಲ, ಮಾನಿಟರನ್ನೇ ಬದಲಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಆತುರಪಡಬೇಡಿ, ಇವು ಎರಡು ಪ್ರತ್ಯೇಕ ದೋಷಗಳಾಗಿರಬಹುದು, ಎರಡೂ ವೈರಿಂಗ್‌ನಲ್ಲೇ ಇರಬಹುದು.

ಮೊದಲು 5 ವೋಲ್ಟ್ ಪೂರೈಕೆಯನ್ನು ಗೇಮ್ ಬೋರ್ಡಿನ ಮೇಲೆಯೇ ಅಳೆಯಿರಿ, ಏಕೆಂದರೆ ಪವರ್ ಸಪ್ಲೈ ಬಳಿ ಸರಿಯಾಗಿರುವ ವೋಲ್ಟೇಜ್ ಸಡಿಲವಾದ ಅಥವಾ ಕಪ್ಪುಗಟ್ಟಿದ ಕನೆಕ್ಟರ್ ದಾಟುವಷ್ಟರಲ್ಲಿ ಕುಸಿದಿರಬಹುದು. ಓರೆಯಾಗುವ ಚಿತ್ರಕ್ಕೆ ಸಾಮಾನ್ಯವಾಗಿ ಸಿಂಕ್, ಅಂದರೆ ಚಿತ್ರದ ಸಾಲುಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಸಂಕೇತ, ಕಾರಣ. ಆದ್ದರಿಂದ ಜಮ್ಮಾ ಕನೆಕ್ಟರಿನ ಪಿ ಪಿನ್ನಿನ ಸಿಂಕ್ ತಂತಿ ಮತ್ತು 14ನೇ ಪಿನ್ನಿನ ವಿಡಿಯೋ ಗ್ರೌಂಡ್ ಮಾನಿಟರ್‌ವರೆಗೂ ಅಖಂಡವಾಗಿವೆಯೇ ಎಂದು, ವಿದ್ಯುತ್ ಕಡಿತಗೊಳಿಸಿ, ಮಲ್ಟಿಮೀಟರಿನ ಕಂಟಿನ್ಯೂಟಿ (ತಂತಿ ತುಂಡಾಗಿಲ್ಲವೆಂದು ತೋರಿಸುವ) ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ. ಗ್ರೌಂಡ್ ತಂತಿಯನ್ನು ಕಡೆಗಣಿಸುವವರೇ ಹೆಚ್ಚು.

ಕೆಂಪು ಬಣ್ಣಕ್ಕೆ ನಾನು ಅತ್ಯಂತ ನಂಬುವ ಪರೀಕ್ಷೆಯೊಂದಿದೆ: ಮಾನಿಟರ್ ತುದಿಯಲ್ಲಿ ಕೆಂಪು ಮತ್ತು ಹಸಿರು ಸಂಕೇತದ ತಂತಿಗಳನ್ನು ಅದಲುಬದಲು ಮಾಡಿ. ಆಗ ಪರದೆಯಲ್ಲಿ ಕೆಂಪು ಮೂಡಿ ಹಸಿರು ಮಾಯವಾದರೆ ಮಾನಿಟರ್ ನಿರ್ದೋಷಿ. 12ನೇ ಪಿನ್ನಿನ ತಂತಿಯನ್ನೋ ಬೋರ್ಡನ್ನೋ ಪರಿಶೀಲಿಸಬೇಕು. ಕೆಂಪು ಆಗಲೂ ಬಾರದಿದ್ದರೆ ಪಿಕ್ಚರ್ ಟ್ಯೂಬಿನ ಕುತ್ತಿಗೆಯ ಬೋರ್ಡಿನಲ್ಲಿ ಬಿರುಕುಬಿಟ್ಟ ಬೆಸುಗೆಯನ್ನು ಹುಡುಕಬೇಕಾಗುತ್ತದೆ. ಆದರೆ ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದಾದ್ದರಿಂದ, ಅದನ್ನು ಡಿಸ್ಚಾರ್ಜ್ ಮಾಡಲು ಬಲ್ಲವರಿಗೇ ಆ ಕೆಲಸವನ್ನು ಒಪ್ಪಿಸಿ.