ಜಾವಾ ಪ್ರಶ್ನೋತ್ತರ: ಕರೆದ ಪ್ರಾಸೆಸ್ ಕಾಣ್ತಾನೇ ಇಲ್ಲ

ಪ್ರಶ್ನೆ: ನಮ್ ಪ್ರಾಜೆಕ್ಟಲ್ಲಿ ಕಮುಂಡಾ 7 (ಕೆಲಸದ ಹಂತಗಳನ್ನ ಚಿತ್ರದಂತೆ ಬರೆದು ಓಡಿಸೋ ಜಾವಾ ಇಂಜಿನ್) ಇದೆ ಸರ್. ಸಾಲದ ಅರ್ಜಿ ಪ್ರಾಸೆಸ್ಸಲ್ಲಿ ಯೂಸರ್ ಟಾಸ್ಕ್ (ಜನ ಮಾಡಿ ಮುಗಿಸೋ ಹಂತ) ಆದ್ಮೇಲೆ ಕಾಲ್ ಆಕ್ಟಿವಿಟಿ ಹಾಕಿ ಇನ್ನೊಂದು ಪ್ರಾಸೆಸ್, ಅಂದ್ರೆ ಚೈಲ್ಡ್, ಕರೀತೀವಿ. ಕಂಪ್ಲೀಟ್ ಒತ್ತಿದ್ರೆ ಎರರ್ ಬರುತ್ತೆ, ಅದೇ ಟಾಸ್ಕ್ ಮತ್ತೆ ಲಿಸ್ಟಲ್ಲೇ ಇರುತ್ತೆ, ಕಾಕ್‌ಪಿಟ್ಟಲ್ಲಿ (ಓಡ್ತಿರೋ ಪ್ರಾಸೆಸ್ ತೋರಿಸೋ ಪರದೆ) ಚೈಲ್ಡ್ ಪ್ರಾಸೆಸ್ ಸುಳಿವೇ ಇಲ್ಲ. ಚೈಲ್ಡ್ ಒಂದನ್ನೇ ಕೈಯಿಂದ ಸ್ಟಾರ್ಟ್ ಮಾಡಿದ್ರೆ ಸರಿಯಾಗಿ ಓಡುತ್ತೆ. ಎರರ್ ಬಂದ್ರೆ ಬೇರೆ ದಾರಿಗೆ ತಿರುಗಿಸೋ ಎರರ್ ಬೌಂಡರಿ ಇವೆಂಟ್ ಹಾಕಿದ್ರೂ ಹಿಡೀತಿಲ್ಲ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಚೈಲ್ಡ್ ಸ್ಟಾರ್ಟ್ ಆಗಿದೆ, ಆಮೇಲೆ ಅಳಿಸಿ ಹೋಗಿದೆ ಅಷ್ಟೇ. ಯೂಸರ್ ಟಾಸ್ಕ್ ಕಂಪ್ಲೀಟ್ ಆದಾಗ ಶುರುವಾಗೋ ಟ್ರಾನ್ಸಾಕ್ಷನ್ ಕಾಲ್ ಆಕ್ಟಿವಿಟಿ ದಾಟಿ ಚೈಲ್ಡ್ ಒಳಗೂ ಹೋಗುತ್ತೆ, ಅಲ್ಲಿ ಮುಂದಿನ ವೇಟ್ ಸ್ಟೇಟ್ (ಇಂಜಿನ್ ಕಾಯುತ್ತಾ ನಿಲ್ಲೋ ಜಾಗ) ಸಿಗೋವರೆಗೂ ಡೇಟಾಬೇಸಿಗೆ ಏನೂ ಕಮಿಟ್ ಆಗಲ್ಲ, ಮಧ್ಯದಲ್ಲಿ ಯಾವ್ದೋ ಸರ್ವಿಸ್ ಟಾಸ್ಕ್ ಎಕ್ಸೆಪ್ಷನ್ ಎಸೆದ್ರೆ ಎಲ್ಲಾ ರೋಲ್‌ಬ್ಯಾಕ್, ಅಂದ್ರೆ ಮಾಡಿದ್ದೆಲ್ಲಾ ರದ್ದು, ಚೈಲ್ಡ್ ಹುಟ್ಟಿದ್ದೂ ಸೇರಿ. ಅದಕ್ಕೇ ಕಾಕ್‌ಪಿಟ್ ನೋಡ್ಬೇಡಿ, ಸರ್ವರ್ ಲಾಗಲ್ಲಿ ಸ್ಟ್ಯಾಕ್ ಟ್ರೇಸಿನ ಕೊನೆಯ 'ಕಾಸ್ಡ್ ಬೈ' ನೋಡಿ.

ಅಲ್ಲಿ ನಲ್ ಪಾಯಿಂಟರ್ (ಖಾಲಿ ಮೌಲ್ಯ ಬಳಸಿದಾಗ ಬರೋ ಎರರ್) ಇದ್ರೆ ನನ್ನ ಗುಮಾನಿ ವೇರಿಯೇಬಲ್ ಮೇಲೆ. ಕಮುಂಡಾ 7ರಲ್ಲಿ ಪೇರೆಂಟಿನ ವೇರಿಯೇಬಲ್‌ಗಳು ಚೈಲ್ಡಿಗೆ ತಾನಾಗೇ ಹೋಗಲ್ಲ, ಇನ್ ಮ್ಯಾಪಿಂಗ್ ಕೊಡ್ಬೇಕು, ಫಲಿತಾಂಶ ವಾಪಸ್ ಬೇಕಂದ್ರೆ ಔಟ್ ಮ್ಯಾಪಿಂಗ್ ಬೇರೆ. ಬಿಸಿನೆಸ್ ಕೀನೂ (ಅರ್ಜಿ ಗುರುತಿಸೋ ಸಂಖ್ಯೆ ಥರದ್ದು) ಹಾಗೇ, ಅದಕ್ಕೆ ಬೇರೆ ಸಾಲು ಬರೀಬೇಕು. ಕೈಯಿಂದ ಸ್ಟಾರ್ಟ್ ಮಾಡುವಾಗ ಗ್ರಾಹಕರ ಐಡಿ ನೀವೇ ತುಂಬಿರ್ತೀರಿ, ಅದಕ್ಕೇ ಓಡುತ್ತೆ! ಎಲ್ಲಾ ಒಟ್ಟಿಗೆ ಕಳಿಸೋ 'ಆಲ್' ಆಯ್ಕೆ ಇದೆ, ಆದ್ರೆ ನನಗದು ಇಷ್ಟವಿಲ್ಲ, ಯಾವ ಪ್ರಾಸೆಸ್ಸಿಗೆ ಏನು ಬೇಕು ಅನ್ನೋದು ಆರು ತಿಂಗಳಾದ್ಮೇಲೆ ಯಾರಿಗೂ ಗೊತ್ತಿರಲ್ಲ.

ಮುಂದೆ ಹೀಗೆ ಮಾಯ ಆಗ್ಬಾರ್ದು ಅಂದ್ರೆ ಚೈಲ್ಡಿನ ಮೊದಲ ಸರ್ವಿಸ್ ಟಾಸ್ಕಿಗೆ 'ಅಸಿಂಕ್ ಬಿಫೋರ್' (ಹಂತಕ್ಕೆ ಮುಂಚೆ ಕಮಿಟ್ ಮಾಡಿಸೋ ಸೆಟ್ಟಿಂಗ್) ಹಾಕಿ. ಕಾಲ್ ಆಕ್ಟಿವಿಟಿಗೇ ಹಾಕಿದ್ರೆ ಯೂಸರ್ ಟಾಸ್ಕ್ ಮುಗಿದಿದ್ದು ಉಳಿಯುತ್ತೆ ನಿಜ, ಆದ್ರೆ ಚೈಲ್ಡ್ ಮತ್ತೆ ರೋಲ್‌ಬ್ಯಾಕ್ ಆಗುತ್ತೆ. ಒಳಗೆ ಹಾಕಿದ್ರೆ ಚೈಲ್ಡ್ ಮೊದ್ಲೇ ಸೇವ್ ಆಗಿರುತ್ತೆ, ಹಿನ್ನೆಲೆಯಲ್ಲಿ ಕೆಲಸ ಓಡಿಸೋ ಜಾಬ್ ಎಕ್ಸಿಕ್ಯೂಟರ್ ಡಿಫಾಲ್ಟಾಗಿ 3 ಸಲ ಪ್ರಯತ್ನಿಸಿ ಸೋತ್ರೆ ಇನ್ಸಿಡೆಂಟ್ ಆಗಿ ಕಾಣುತ್ತೆ, ಸರಿ ಮಾಡಿ ರೀಟ್ರೈ ಒತ್ತಬಹುದು.

ಬೌಂಡರಿ ಇವೆಂಟ್ ಹಿಡಿಯೋದು ಬಿಪಿಎಂಎನ್ (ಪ್ರಾಸೆಸ್ ಚಿತ್ರ ಬರೆಯೋ ಭಾಷೆ) ಎರರನ್ನ, ಸಾದಾ ಜಾವಾ ಎಕ್ಸೆಪ್ಷನ್ನನ್ನ ಅಲ್ಲ. 'ಅರ್ಜಿ ತಿರಸ್ಕೃತ' ಥರದ ವ್ಯವಹಾರದ ವಿಷ್ಯಕ್ಕೆ ಅದನ್ನ ಇಟ್ಕೊಳ್ಳಿ, ನಲ್ ಪಾಯಿಂಟರ್ ಮುಚ್ಚೋಕೆ ಬೇಡ ಮಾರಾಯ್ರೇ.

ಪ್ರಶ್ನೆ: 'ನೋ ಪ್ರಾಸೆಸಸ್ ಡಿಪ್ಲಾಯ್ಡ್ ವಿತ್ ಕೀ' ಅಂತ ಬರ್ತಿದೆ, ಫೈಲ್ ಡಿಪ್ಲಾಯ್ ಆಗಿರೋದು ಕಣ್ಣೆದುರೇ ಇದೆ!
– ಓದುಗರೊಬ್ಬರು, ಮೈಸೂರು

ಉತ್ತರ: ಕಾಲ್ ಆಕ್ಟಿವಿಟಿಯ ಕಾಲ್ಡ್ ಎಲಿಮೆಂಟಲ್ಲಿ (ಯಾವ ಪ್ರಾಸೆಸ್ ಕರೀಬೇಕು ಅಂತ ಬರೆಯೋ ಜಾಗ) ಫೈಲ್ ಹೆಸರು ಹಾಕಿದೀರಾ ನೋಡಿ, ಅಲ್ಲಿ ಬೇಕಿರೋದು ಎಕ್ಸ್‌ಎಂಎಲ್ ಒಳಗಿನ ಪ್ರಾಸೆಸ್ ಐಡಿ. 'ಈಸ್ ಎಕ್ಸಿಕ್ಯೂಟಬಲ್' ಟ್ರೂ ಇಲ್ದಿದ್ರೆ ಫೈಲ್ ಏರುತ್ತೆ, ಪ್ರಾಸೆಸ್ ಹುಟ್ಟಲ್ಲ. ಎರಡೂ ಸರಿ ಇದ್ರೆ ಬೈಂಡಿಂಗ್, ಅಂದ್ರೆ ಚೈಲ್ಡಿನ ಯಾವ ಆವೃತ್ತಿ ಕರೀಬೇಕು ಅನ್ನೋದು, ನೋಡಿ. ಡಿಫಾಲ್ಟ್ 'ಲೇಟೆಸ್ಟ್', ಅದನ್ನ 'ಡಿಪ್ಲಾಯ್ಮೆಂಟ್' ಮಾಡಿದ್ರೆ ಪೇರೆಂಟ್, ಚೈಲ್ಡ್ ಎರಡೂ ಒಂದೇ ಡಿಪ್ಲಾಯ್ಮೆಂಟಲ್ಲಿ ಇರ್ಲೇಬೇಕು, ಬದಲಾದ ಫೈಲ್ ಮಾತ್ರ ಕಳಿಸೋ ಸೆಟ್ಟಿಂಗ್ ಆನ್ ಇದ್ರೆ ಚೈಲ್ಡ್ ಹಳೇ ಡಿಪ್ಲಾಯ್ಮೆಂಟಲ್ಲೇ ಉಳ್ಕೊಂಡು ಇಂಜಿನ್ನಿಗೆ ಸಿಗಲ್ಲ.