ಸಿಲ್ವರ್ ಓಕ್ ಮರದ ಪುಡಿ ಹಾಕಿದ ಪಾತಿಯಲ್ಲಿ ಬೀಜ ಯಾಕೆ ಸರಿಯಾಗಿ ಮೊಳೆಯಲ್ಲ?

ಕೊಡಗಿನ ತೋಟಗಳಲ್ಲಿ ಸಿಲ್ವರ್ ಓಕ್ ಕೊಯ್ದ ಹಸಿ ಪುಡಿಯನ್ನು ಸುಮ್ನೆ ತರಕಾರಿ ಪಾತಿಗೆ ಸುರಿದರೆ ಹೀಗಾಗಬಹುದು. ಮರದಲ್ಲಿರುವ ಟ್ಯಾನಿನ್, ಫೀನಾಲಿಕ್ ಆಮ್ಲ ಅನ್ನೋ ರಾಸಾಯನಿಕಗಳು ನೀರಿನ ಜೊತೆ ಮಣ್ಣಿಗೆ ಇಳಿಯುತ್ತವೆ. ಇವು ಜಾಸ್ತಿಯಾದರೆ ಬೀಜದೊಳಗಿನ ಕಿಣ್ವಗಳ (ಎಂಜೈಮ್) ಕೆಲಸ ನಿಧಾನವಾಗುತ್ತದೆ. ಮೊಳಕೆ ಬಂದರೂ ಬೇರಿನ ತುದಿ ಕಂದಾಗಿ, ಮೊಂಡಾಗಿ ನಿಲ್ಲುತ್ತದೆ. ಸಾಸಿವೆಯಂಥ ಸಣ್ಣ ಬೀಜಕ್ಕೆ ಪೆಟ್ಟು ಹೆಚ್ಚು. ಬೀನ್ಸ್ ಸ್ವಲ್ಪ ತಡೆದುಕೊಳ್ಳುತ್ತದೆ. ಸಿಲ್ವರ್ ಓಕ್ ಬೇರಿನ ಹತ್ತಿರ ಅದರದೇ ಸಸಿಗಳು ಸಾಯುತ್ತವೆ ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 1967ರಲ್ಲೇ ಬರೆದಿದ್ದಾರೆ. ವಿಚಿತ್ರ, ಅಲ್ವಾ?

ಆದರೆ ಮೊಳೆತ ಸಸಿ ಹಳದಿಯಾದರೆ ಮರದ ರಾಸಾಯನಿಕವನ್ನೇ ದೂರಬೇಡಿ. ಪುಡಿ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಎಳೆದುಕೊಂಡಿರುತ್ತವೆ.

ಪುಡಿಗೆ ಸಗಣಿ ಬೆರೆಸಿ ಒಂದು ಮಳೆಗಾಲ ಹೊರಗೆ ಬಿಡಿ. ಆಮೇಲೆ ಪುಡಿ ನೆನೆಸಿದ ನೀರಲ್ಲಿ ಒಂದಿಷ್ಟು, ಬರೀ ನೀರಲ್ಲಿ ಒಂದಿಷ್ಟು ಸಾಸಿವೆ ಮೊಳಕೆ ಕಟ್ಟಿ ನೋಡಿ. ಎರಡರ ಬೇರೂ ಒಂದೇ ಉದ್ದ ಬಂದರೆ ಪಾತಿಗೆ ಹಾಕಬಹುದು.